ವೇಗ ಅನ್ನೋ ಸೋಮಾರಿ ಪದ

ಅಮೆರಿಕದ ಕಾಲೇಜ್ ಫುಟ್ಬಾಲ್ ನೋಡುವವರಿಗೆ ಒಂದು ಪದ ಕೇಳಿ ಕೇಳಿ ಕಿವಿ ತೂತು ಬಿದ್ದಿರುತ್ತೆ. ಅದು ‘ಟೀಮ್ ಸ್ಪೀಡ್’. ಗೆದ್ದವರಿಗೆ ಟೀಮ್ ಸ್ಪೀಡ್ ಇತ್ತು, ಸೋತವರಿಗೆ ಇರಲಿಲ್ಲ. ಕಾಮೆಂಟರಿ ಬಾಕ್ಸಿನಲ್ಲಿ ಕೂತವರು ಮೊದಲ ಹತ್ತು ನಿಮಿಷದಲ್ಲೇ ಈ ತೀರ್ಪು ಕೊಟ್ಟುಬಿಡ್ತಾರೆ. ಉಳಿದ ಮೂರು ಗಂಟೆ ಅದಕ್ಕೆ ಸಾಕ್ಷಿ ಹುಡುಕೋದೇ ಕೆಲಸ. ಮಾರನೇ ದಿನ ಪತ್ರಿಕೆಯವರು ಅದನ್ನೇ ಬರೀತಾರೆ, ಅದರ ಮಾರನೇ ದಿನ ಆಫೀಸಿನ ಕಾಫಿ ಮಷೀನ್ ಮುಂದೆ ನಿಂತವರು ಅದನ್ನೇ ಹೇಳ್ತಾರೆ.

ನನ್ನ ತಕರಾರು ಇಷ್ಟೇ. ಈ ಪದ ಆಟವನ್ನು ವಿವರಿಸೋದಿಲ್ಲ. ಸ್ಕೋರ್ ಬೋರ್ಡ್ ನೋಡಿದ ಮೇಲೆ ಹುಟ್ಟುವ ಪದ ಇದು. ಒಂದು ಡಿಫೆನ್ಸ್ ಯಾಕೆ ಕುಸೀತು ಅನ್ನೋ ಪ್ರಶ್ನೆಗೆ ‘ಅವರು ನಿಧಾನ’ ಅಂತ ಉತ್ತರ ಕೊಟ್ಟುಬಿಟ್ಟರೆ ಅಲ್ಲಿಗೆ ನಮ್ಮ ನೋಡುವ ಕೆಲಸವೂ ಮುಗೀತು. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಈ ಪದ ಆಟಗಾರರ ಮೈಗೆ ಅಂಟಿಕೊಂಡು ಅವರ ಬದುಕಿನ ದಾರಿಯನ್ನೇ ಬದಲಿಸೋಕೆ ಹೋಗುತ್ತೆ. ಆ ಮಾತಿಗೆ ಆಮೇಲೆ ಬರ್ತೀನಿ.

ಈ ಆಟದ ಪರಿಚಯ ನಮ್ಮಲ್ಲಿ ಕಡಿಮೆ. ಕೊಲಂಬಸ್, ಅಟ್ಲಾಂಟಾ, ಡಲ್ಲಾಸ್ ಕಡೆ ಪ್ರಾಜೆಕ್ಟ್ ಮೇಲೆ ಹೋಗಿಬಂದವರಿಗೆ ಶನಿವಾರ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ನಿಂತಿದ್ದು ನೆನಪಿರಬಹುದು. ಉಳಿದವರಿಗಾಗಿ ಎರಡು ಸಾಲು. ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡು ಮುನ್ನಡೆಸೋದು ಕ್ವಾರ್ಟರ್‌ಬ್ಯಾಕ್ ಅನ್ನೋ ಒಬ್ಬ. ಅವನೇ ಎಸೀಬಹುದು, ಇನ್ನೊಬ್ಬನ ಕೈಗೆ ಕೊಡಬಹುದು, ತಾನೇ ಓಡಬಹುದು. ತಡೆಯುವವರ ಕೆಲಸ ಹಿಡಿದು ಕೆಡವೋದು. ಕಬಡ್ಡಿ ಬಲ್ಲವರಿಗೆ ಇದು ತೀರಾ ಹೊಸದೇನಲ್ಲ.

ಈ ಟೀಮ್ ಸ್ಪೀಡ್ ಪುರಾಣಕ್ಕೆ ಬಲ ಬಂದದ್ದು 2007ರ ಜನವರಿ 8ರಂದು, ಅರಿಜೋನಾದ ಗ್ಲೆಂಡೇಲ್‌ನಲ್ಲಿ. ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯ. ಒಂದು ಕಡೆ ಸೋಲೇ ಕಾಣದ ಓಹಾಯೋ ಸ್ಟೇಟ್, ಇನ್ನೊಂದು ಕಡೆ ಫ್ಲಾರಿಡಾ. ಫ್ಲಾರಿಡಾ 41, ಓಹಾಯೋ 14. ಇಡೀ ಪಂದ್ಯದಲ್ಲಿ ಓಹಾಯೋ ಗಳಿಸಿದ್ದು 82 ಗಜ, ಫ್ಲಾರಿಡಾ 370. ಆ ವರ್ಷದ ಅತ್ಯುತ್ತಮ ಆಟಗಾರ ಅಂತ ಹೈಸ್ಮನ್ ಟ್ರೋಫಿ ಗೆದ್ದಿದ್ದ ಓಹಾಯೋ ಕ್ವಾರ್ಟರ್‌ಬ್ಯಾಕ್ ಟ್ರಾಯ್ ಸ್ಮಿತ್ 14 ಸಲ ಎಸೆದು 4 ಮಾತ್ರ ತಲುಪಿಸಿದ, ಬರೀ 35 ಗಜ. ಐದು ಸಲ ಅವನನ್ನು ಚೆಂಡಿನ ಸಮೇತ ನೆಲಕ್ಕೆ ಕೆಡವಿದರು.

ಅಂದಿನಿಂದ ಶುರುವಾಯ್ತು ನೋಡಿ. ದಕ್ಷಿಣದ ತಂಡಗಳು ಚಿರತೆ, ಉತ್ತರದ ತಂಡಗಳು ಎಮ್ಮೆ. ದಕ್ಷಿಣದ ಎಸ್‌ಇಸಿ ಒಕ್ಕೂಟದ ತಂಡಗಳು 2006ರ ಸೀಸನ್‌ನಿಂದ 2012ರ ಸೀಸನ್‌ವರೆಗೆ ಸತತ ಏಳು ಚಾಂಪಿಯನ್‌ಶಿಪ್ ಗೆದ್ದಾಗ ಈ ಮಾತು ಗಾದೆಯೇ ಆಗಿಹೋಯ್ತು. ಬಿಸಿಲಿರೋ ಕಡೆ ಹುಟ್ಟಿದವರು ವೇಗವಾಗಿ ಓಡ್ತಾರೆ, ಹಿಮದ ಕಡೆಯವರು ದಪ್ಪ, ನಿಧಾನ. ಎಲ್ಲರೂ ತಲೆ ಅಲ್ಲಾಡಿಸಿದರು.

ಆದರೆ ಆ ಪಂದ್ಯವನ್ನು ಮೊದಲ ಚೆಂಡಿನಿಂದ ನೋಡಿ. ಫ್ಲಾರಿಡಾ ಒದ್ದ ಮೊದಲ ಕಿಕ್ ಹಿಡಿದವನು ಓಹಾಯೋದ ಟೆಡ್ ಗಿನ್ ಜೂನಿಯರ್. ಹಿಡಿದವನೇ 93 ಗಜ ಓಡಿ ಟಚ್‌ಡೌನ್ ಮಾಡಿದ. ‘ಚಿರತೆ’ಗಳ ಪೈಕಿ ಹನ್ನೊಂದು ಜನ ಮೈದಾನದಲ್ಲೇ ಇದ್ದರು, ‘ಎಮ್ಮೆ’ಗಳ ಪೈಕಿ ಒಬ್ಬ ಅವರೆಲ್ಲರನ್ನೂ ದಾಟಿ ಹೋದ. ದುರಂತ ಅಂದರೆ, ಸಂಭ್ರಮದಲ್ಲಿ ಜೊತೆಗಾರರೇ ಅವನ ಮೇಲೆ ಬಿದ್ದು ಗಿನ್ ಕಾಲಿಗೆ ಪೆಟ್ಟಾಯ್ತು. ಓಹಾಯೋದ ಅತಿ ವೇಗದ ಆಟಗಾರ ಉಳಿದ ಪಂದ್ಯ ಹೊರಗೆ ಕೂತ.

ಇನ್ನು ಫ್ಲಾರಿಡಾ ಗಜ ಗಳಿಸಿದ್ದು ಹೇಗೆ? ಅದರ ಕ್ವಾರ್ಟರ್‌ಬ್ಯಾಕ್ ಕ್ರಿಸ್ ಲೀಕ್ 36 ಎಸೆತಗಳಲ್ಲಿ 25 ತಲುಪಿಸಿದ, ಒಟ್ಟು 213 ಗಜ. ಭಾಗಿಸಿ ನೋಡಿ, ತಲುಪಿದ ಒಂದು ಎಸೆತಕ್ಕೆ ಎಂಟೂವರೆ ಗಜ. ಇದು ಬೆನ್ನು ತೋರಿಸಿ ಓಡಿಹೋದವರ ಲೆಕ್ಕ ಅಲ್ಲ. ಆಟಗಾರರನ್ನು ಅಗಲಕ್ಕೆ ಹರಡಿ, ಯಾರೂ ನಿಂತಿಲ್ಲದ ಜಾಗಕ್ಕೆ ಚಿಕ್ಕ ಚಿಕ್ಕದಾಗಿ ಎಸೆದವರ ಲೆಕ್ಕ. ಕೋಚ್ ಅರ್ಬನ್ ಮೇಯರ್ ಗೆದ್ದದ್ದು ಖಾಲಿ ಜಾಗ ಹುಡುಕಿ. ಖಾಲಿ ಜಾಗಕ್ಕೆ ಮೊದಲು ತಲುಪಿದವನು ಟೀವಿಯಲ್ಲಿ ವೇಗವಾಗಿಯೇ ಕಾಣ್ತಾನೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದ ಕಾರಿನ ಪಕ್ಕ ಫುಟ್‌ಪಾತ್ ಮೇಲೆ ನಡೆಯುವವನೂ ವೇಗವಾಗಿಯೇ ಕಾಣ್ತಾನಲ್ಲ, ಹಾಗೆ.

ಫ್ಲಾರಿಡಾಗೆ ವೇಗ ಇರಲಿಲ್ಲ ಅಂತ ಹೇಳ್ತಿಲ್ಲ. ಇತ್ತು. ಜಾರ್ವಿಸ್ ಮಾಸ್, ಡೆರಿಕ್ ಹಾರ್ವೀ ಅನ್ನೋ ಇಬ್ಬರು ಡಿಫೆನ್ಸ್ ಸಾಲಿನ ಎರಡು ತುದಿಯಲ್ಲಿ ನಿಂತಿದ್ದರು. ಚೆಂಡು ಅಲ್ಲಾಡಿದ ಕ್ಷಣ ಅವರಿಡುತ್ತಿದ್ದ ಮೊದಲ ಎರಡು ಹೆಜ್ಜೆಗೆ ಓಹಾಯೋ ಕಾವಲುಗಾರರಲ್ಲಿ ಉತ್ತರ ಇರಲಿಲ್ಲ. ಅಂದರೆ ಪಂದ್ಯ ನಿರ್ಧಾರ ಆದದ್ದು ಇಬ್ಬರ ಎರಡೆರಡು ಹೆಜ್ಜೆಯಲ್ಲಿ. ಅದನ್ನು ‘ಟೀಮ್ ಸ್ಪೀಡ್’ ಅಂತ ಕರೆದರೆ ಎಂಬತ್ತು ಜನರ ತಂಡಕ್ಕೂ ಹೆಸರು ಹೋಗುತ್ತೆ, ನಿಜವಾಗಿ ಕೆಲಸ ಮಾಡಿದ ಇಬ್ಬರ ಹೆಸರು ಮರೆತೇ ಹೋಗುತ್ತೆ.

ಇನ್ನೂ ಎರಡು ವಿಷಯ ಯಾರೂ ಹೇಳೋದಿಲ್ಲ. ಓಹಾಯೋ ತನ್ನ ಹಿಂದಿನ ಪಂದ್ಯ ಆಡಿದ್ದು ನವೆಂಬರ್ 18ರಂದು, ಮಿಶಿಗನ್ ವಿರುದ್ಧ, 42-39ರಲ್ಲಿ ಗೆದ್ದು. ಅಲ್ಲಿಂದ 51 ದಿನ ಪಂದ್ಯವೇ ಇಲ್ಲ. ಫ್ಲಾರಿಡಾ ಡಿಸೆಂಬರ್ 2ರಂದು ತನ್ನ ಒಕ್ಕೂಟದ ಫೈನಲ್ ಆಡಿತ್ತು. ಎರಡನೆಯದು, ಎರಡನೇ ಕ್ವಾರ್ಟರ್‌ನಲ್ಲಿ ಓಹಾಯೋ ತನ್ನದೇ 29 ಗಜದ ಗೆರೆಯಲ್ಲಿ, ನಾಲ್ಕನೇ ಅವಕಾಶದಲ್ಲಿ ಒಂದು ಗಜಕ್ಕಾಗಿ ಜೂಜಾಡಿ ಸೋತಿತು. ಚೆಂಡು ಫ್ಲಾರಿಡಾ ಕೈಗೆ ಸಿಕ್ಕಿದ್ದು ಓಹಾಯೋ ಹೊಸ್ತಿಲಲ್ಲಿ. ಓಡಿ ಗೆದ್ದದ್ದಲ್ಲ ಅದು, ಕೂತಲ್ಲಿಗೇ ಬಂದದ್ದು.

ಮುಂದಿನ ವರ್ಷ, 2008ರ ಜನವರಿ 7. ಮತ್ತೆ ಓಹಾಯೋ, ಈ ಸಲ ಎದುರಿಗೆ ಎಲ್‌ಎಸ್‌ಯು. ಶುರುವಿನಲ್ಲೇ ಓಹಾಯೋದ ಕ್ರಿಸ್ ವೆಲ್ಸ್ 65 ಗಜ ಓಡಿ ಟಚ್‌ಡೌನ್ ಮಾಡಿದ. ದೊಡ್ಡ ಮೈಕಟ್ಟಿನ ಹುಡುಗ. ಓಹಾಯೋ 10-0 ಮುಂದಿತ್ತು. ಆಮೇಲೆ ಎಲ್‌ಎಸ್‌ಯು ಸತತ 31 ಅಂಕ ಗಳಿಸಿ 38-24ರಲ್ಲಿ ಗೆದ್ದಿತು. ಮಾರನೇ ದಿನದ ವಿಶ್ಲೇಷಣೆ ಏನಿರಬಹುದು ಅಂತ ಹೇಳಬೇಕಾ? ವೆಲ್ಸ್ ಓಡಿದಾಗ ಎಲ್‌ಎಸ್‌ಯು ವೇಗ ಎಲ್ಲಿ ಹೋಗಿತ್ತು ಅಂತ ಯಾರೂ ಕೇಳಲಿಲ್ಲ. ಪುರಾಣಕ್ಕೆ ಒಪ್ಪದ ಘಟನೆ ಬರೀ ಆಕಸ್ಮಿಕ, ಒಪ್ಪುವ ಘಟನೆ ಮಾತ್ರ ಸಾಕ್ಷಿ!

ಈಗ ವೇಗ ಅಳೆಯುವ ವಿಧಾನ ನೋಡೋಣ. ಕಾಲೇಜ್ ಮುಗಿಸಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗುವ ಹುಡುಗರನ್ನು ‘ಕಂಬೈನ್’ ಅನ್ನೋ ಪರೀಕ್ಷೆಯಲ್ಲಿ 40 ಗಜ ಓಡಿಸ್ತಾರೆ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ಎದುರಿಗೆ ಯಾರೂ ಇಲ್ಲ, ತಿರುವು ಇಲ್ಲ. 2024ರಲ್ಲಿ ಟೆಕ್ಸಾಸ್‌ನ ಕ್ಸೇವಿಯರ್ ವರ್ದಿ 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಬರೆದ. ಅದಕ್ಕೂ ಹಿಂದಿನ ದಾಖಲೆ 2017ರಲ್ಲಿ ಜಾನ್ ರಾಸ್‌ನ 4.22. ಅದ್ಭುತ ಓಟ, ಒಪ್ಪೋಣ. ಆದರೆ ಪಂದ್ಯದಲ್ಲಿ ಡಿಫೆನ್ಸ್ ಆಟಗಾರ 40 ಗಜ ನೇರವಾಗಿ ಓಡಿದ ಅಂದರೆ ಏನರ್ಥ? ಅಷ್ಟು ಹೊತ್ತಿಗೆ ಅವನ ಕಡೆಯವರ ಕೆಲಸ ಕೆಟ್ಟಿದೆ ಅಂತರ್ಥ. ಒಳ್ಳೆ ಡಿಫೆನ್ಸ್‌ನವನಿಗೆ ಅಷ್ಟು ದೂರ ಓಡುವ ಅಗತ್ಯವೇ ಬರಬಾರದು. ನಮ್ಮ ಇಂಟರ್ವ್ಯೂಗಳಲ್ಲಿ ವೈಟ್‌ಬೋರ್ಡ್ ಮೇಲೆ ಬೈನರಿ ಟ್ರೀ ತಲೆಕೆಳಗು ಮಾಡಿಸ್ತಾರಲ್ಲ, ಅದೇ ಥರ. ಸುಲಭವಾಗಿ ಅಳೆಯಬಹುದು ಅಂತ ಅಳೀತೀವಿ, ಅಳೆದಿದ್ದೀವಿ ಅಂತ ಅದಕ್ಕೆ ಬೆಲೆ ಕೊಡ್ತೀವಿ.

ಕಬಡ್ಡಿಯಲ್ಲಿ ಕಾರ್ನರ್ ಡಿಫೆಂಡರ್‌ನ ನೋಡಿ. ರೈಡರ್ ಇನ್ನೂ ಒಳಗೆ ಬರುವ ಮುಂಚೆಯೇ ಹಾರಿ ಬೀಳ್ತಾನೆ, ಅಡ್ವಾನ್ಸ್ ಟ್ಯಾಕಲ್. ರೈಡರ್ ಸುಮ್ಮನೆ ಕಾಲು ಹಿಂದಕ್ಕೆ ಎಳ್ಕೊಂಡು ಪಾಯಿಂಟ್ ತಗೊಂಡು ಹೋಗ್ತಾನೆ. ಆ ಡಿಫೆಂಡರ್ ನಿಧಾನ ಇದ್ದನಾ? ಇಲ್ಲ, ಬೇಕಾದ್ದಕ್ಕಿಂತ ವೇಗವಾಗಿದ್ದ. ಅವನಿಗೆ ಕಾಯೋದು ಗೊತ್ತಿರಲಿಲ್ಲ. ಫುಟ್ಬಾಲ್ ಡಿಫೆನ್ಸ್‌ನ ಮುಕ್ಕಾಲು ಪಾಲು ದೌರ್ಬಲ್ಯ ಇದೇ ಜಾತಿಯದು. ಓಡುವವನು ಈಗ ಎಲ್ಲಿದ್ದಾನೋ ಅಲ್ಲಿಗೆ ಓಡಬಾರದು, ಎಲ್ಲಿಗೆ ಬರ್ತಾನೋ ಅಲ್ಲಿಗೆ ಓಡಬೇಕು. ಆ ಕೋನ ತಪ್ಪಿದರೆ 4.21ರ ಓಟಗಾರನೂ ಬೆನ್ನು ನೋಡ್ತಾನೆ. ಕೋನ ಸರಿಯಿದ್ದರೆ ಸಾಧಾರಣ ಕಾಲಿನವನೂ ಹಿಡೀತಾನೆ.

ಕಾಲೇಜ್ ಆಟದ ಎರಡು ನಿಯಮ ಇದನ್ನು ಇನ್ನೂ ಕಷ್ಟ ಮಾಡ್ತವೆ. ಮೈದಾನದ ಅಗಲ 160 ಅಡಿ. ಚೆಂಡು ಇಡುವ ಹ್ಯಾಶ್ ಗೆರೆಗಳ ನಡುವಿನ ಅಂತರ ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ, ಕಾಲೇಜಿನಲ್ಲಿ 40 ಅಡಿ. ಹಾಗಾಗಿ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ ಬಯಲು. ಆ ನೂರು ಅಡಿ ಕಾಯೋಕೆ ಎಷ್ಟು ಜನ ನಿಲ್ಲಬೇಕು, ಯಾರು ನಿಲ್ಲಬೇಕು ಅನ್ನೋದು ಲೆಕ್ಕಾಚಾರ. ಆ ಲೆಕ್ಕ ತಪ್ಪಿಸಿದ ಕೋಚ್ ಬಚಾವ್, ಮೂರು ಹೆಜ್ಜೆ ಹಿಂದೆ ಬಿದ್ದ ಹುಡುಗ ‘ನಿಧಾನ’.

ಎರಡನೆಯದು ಆರ್‌ಪಿಓ. ಚೆಂಡು ಓಡುವವನ ಕೈಗೆ ಕೊಡಬೇಕಾ, ಎಸೀಬೇಕಾ ಅಂತ ಕ್ವಾರ್ಟರ್‌ಬ್ಯಾಕ್ ಆಟ ಶುರುವಾದ ಮೇಲೆ ನಿರ್ಧರಿಸೋ ತಂತ್ರ. ಅವನು ನೋಡೋದು ಒಬ್ಬನೇ ಒಬ್ಬನನ್ನು, ಬಹಳ ಸಲ ಲೈನ್‌ಬ್ಯಾಕರ್ ಅನ್ನೋ ನಡುವಿನ ಕಾವಲುಗಾರನನ್ನು. ಅವನು ಮುಂದೆ ನುಗ್ಗಿದರೆ ಅವನ ಬೆನ್ನ ಹಿಂದೆ ಎಸೀತಾನೆ, ಹಿಂದೆ ಸರಿದರೆ ಓಡುವವನಿಗೆ ಕೊಡ್ತಾನೆ. ಎಸೆತಕ್ಕೆ ಮುಂಚೆ ಸಾಲಿನ ದಾಂಡಿಗರು ಎನ್‌ಎಫ್‌ಎಲ್‌ನಲ್ಲಿ ಒಂದು ಗಜ ಮಾತ್ರ ಮುಂದೆ ಹೋಗಬಹುದು, ಕಾಲೇಜಿನಲ್ಲಿ ಮೂರು ಗಜ. ಮೂರು ಗಜ ನುಗ್ಗಿ ಬರುವವರನ್ನು ಕಂಡರೆ ಯಾವ ಹುಡುಗನಿಗೂ ಇದು ಓಟವೇ ಅನಿಸುತ್ತೆ. ಇಲ್ಲಿ ಲೈನ್‌ಬ್ಯಾಕರ್ ಎಷ್ಟು ವೇಗವಾಗಿ ನುಗ್ಗಿದರೆ ಅಷ್ಟು ಬೇಗ ಬಲೆಗೆ ಬೀಳ್ತಾನೆ. ಅವನ ವೇಗವೇ ಎದುರಾಳಿಯ ಆಯುಧ.

ವೇಗದ ಮಾತಿನಲ್ಲಿ ಇನ್ನೊಂದು ಗೊಂದಲ ಇದೆ: ಕಾಲಿನ ವೇಗಕ್ಕೂ ಆಟದ ಲಯಕ್ಕೂ ವ್ಯತ್ಯಾಸ ಮಾಡದೇ ಇರೋದು. 2010ರಲ್ಲಿ ಚಿಪ್ ಕೆಲ್ಲಿ ಕೋಚ್ ಆಗಿದ್ದ ಆರೆಗಾನ್ ಪಂದ್ಯಕ್ಕೆ ಸರಾಸರಿ 47 ಅಂಕ ಗಳಿಸಿ ದೇಶಕ್ಕೇ ಮೊದಲು. ‘ಅಬ್ಬಾ ಎಂಥಾ ಸ್ಪೀಡ್’ ಅಂದರು ಎಲ್ಲರೂ. ಅವರ ಗುಟ್ಟು ಬೇರೆ. ಒಂದು ಆಟ ಮುಗಿದ ತಕ್ಷಣ ಗುಂಪುಗೂಡಿ ಮಾತಾಡದೆ ಮುಂದಿನದಕ್ಕೆ ನಿಂತುಬಿಡುತ್ತಿದ್ದರು. ಎದುರಾಳಿಗೆ ಆಟಗಾರರನ್ನು ಬದಲಿಸೋಕೆ ಬಿಡುವಿಲ್ಲ, ಸೂಚನೆ ಕೊಡೋಕೆ ಬಿಡುವಿಲ್ಲ. ಮುನ್ನೂರು ಪೌಂಡ್ ತೂಗುವ ಮನುಷ್ಯನನ್ನು ಉಸಿರು ತಗೊಳ್ಳೋಕೆ ಬಿಡದೆ ಹದಿನೈದು ಸಲ ಎಬ್ಬಿಸಿ ಕೂರಿಸಿದರೆ ಅವನು ನಿಧಾನ ಆಗದೇ ಇರ್ತಾನಾ?

2011ರ ಜನವರಿ 10ರ ಫೈನಲ್‌ನಲ್ಲಿ ಆಬರ್ನ್ ಅದೇ ಆರೆಗಾನನ್ನು ಓಟದಲ್ಲಿ 75 ಗಜಕ್ಕೆ ಕಟ್ಟಿಹಾಕಿತು. ಆಬರ್ನ್ 22, ಆರೆಗಾನ್ 19. ಆ ಪಂದ್ಯ ತಿರುಗಿದ ಕ್ಷಣ ನನ್ನ ವಾದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸ್ಕೋರ್ 19-19, ಕೊನೆಯ ನಿಮಿಷಗಳು. ಆಬರ್ನ್‌ನ ಮೈಕೆಲ್ ಡೈಯರ್‌ನನ್ನು ಹಿಡಿದು ಕೆಡವಿದರು, ಅಥವಾ ಹಾಗಂದುಕೊಂಡರು. ಅವನು ಬಿದ್ದದ್ದು ಎದುರಾಳಿಯ ಮೈಮೇಲೆ, ಮೊಣಕಾಲು ನೆಲಕ್ಕೆ ತಾಗಿರಲಿಲ್ಲ. ಸುತ್ತಲಿದ್ದವರು ಆಟ ಮುಗೀತು ಅಂತ ನಿಂತರು. ಡೈಯರ್‌ಗೂ ಒಂದು ಕ್ಷಣ ಅನುಮಾನ. ಸೀಟಿ ಕೇಳಿಸಲಿಲ್ಲ, ಮತ್ತೆ ಓಡಿದ. 37 ಗಜ. ಅಲ್ಲಿಂದ ಆಬರ್ನ್ ಗೋಲಿನ ಹತ್ತಿರ ಹೋಯ್ತು, ಕೊನೆಯ ಸೆಕೆಂಡಿನಲ್ಲಿ ವೆಸ್ ಬೈರಮ್ 19 ಗಜದಿಂದ ಒದ್ದು ಪಂದ್ಯ ಗೆಲ್ಲಿಸಿದ. ದೇಶದ ಅತಿ ‘ವೇಗದ’ ತಂಡ ನಿಂತಲ್ಲೇ ನಿಂತು ಸೋತಿತು. ಕಾಲು ಸೋಲಲಿಲ್ಲ, ಗಮನ ಸೋತಿತು.

ಈ ಕಥೆಗೆ ಒಂದು ಅಡಿಟಿಪ್ಪಣಿ ಇದೆ. 2015ರ ಜನವರಿ 12ರ ಫೈನಲ್. ಅದೇ ಆರೆಗಾನ್, ಎದುರಿಗೆ ‘ಎಮ್ಮೆ’ ಅನಿಸಿಕೊಂಡಿದ್ದ ಅದೇ ಓಹಾಯೋ. ಓಹಾಯೋ ನಾಲ್ಕು ಸಲ ಚೆಂಡು ಕಳಕೊಂಡಿತು, ಆಡಿಸಿದ್ದು ಸೀಸನ್ ಶುರುವಾದಾಗ ಮೂರನೇ ಸಾಲಿನಲ್ಲಿದ್ದ ಕ್ವಾರ್ಟರ್‌ಬ್ಯಾಕ್‌ನನ್ನು. ಗೆದ್ದದ್ದು 42-20. ಎಜೆಕಿಯಲ್ ಎಲಿಯಟ್ 36 ಸಲ ಚೆಂಡು ಹಿಡಿದು 246 ಗಜ ಓಡಿದ, ಸರಾಸರಿ ಏಳು ಗಜದ ಹತ್ತಿರ. ಒಂದೇ ಏಟಿಗೆ ಹಾರಿಹೋದ ಓಟ ಅಲ್ಲ ಅದು. ಸಾಲಿನವರು ದಾರಿ ಮಾಡಿಕೊಟ್ಟರು, ಅವನು ಆ ದಾರಿ ಹಿಡಿದ, ಮತ್ತೆ ಮತ್ತೆ. ಆಗ ಓಹಾಯೋ ಕೋಚ್ ಯಾರು ಗೊತ್ತಾ? 2007ರಲ್ಲಿ ಅವರನ್ನು ನಿಧಾನ ಅಂತ ಸಾಬೀತು ಮಾಡಿದರು ಎನ್ನಲಾದ ಅರ್ಬನ್ ಮೇಯರ್! ಪುರಾಣದವರಿಗೆ ತೊಂದರೆ ಆಗಲಿಲ್ಲ. ‘ಮೇಯರ್ ದಕ್ಷಿಣದ ವೇಗ ಉತ್ತರಕ್ಕೆ ತಂದರು’ ಅಂದರಾಯ್ತು. ಸೋತಾಗಲೂ ಗೆದ್ದಾಗಲೂ ಒಂದೇ ಕಾರಣ ಹೊಂದುತ್ತೆ ಅಂದರೆ ಅದನ್ನು ಕಾರಣ ಅಂತ ಯಾಕೆ ಕರೀಬೇಕು?

ಡಿಫೆನ್ಸ್‌ನ ನಿಜವಾದ ದೌರ್ಬಲ್ಯ ಕಾಣಬೇಕಾ? 2018ರ ಜನವರಿ 8ರ ಫೈನಲ್ ನೋಡಿ. ಅಲಬಾಮಾ, ಜಾರ್ಜಿಯಾ. ಹೆಚ್ಚುವರಿ ಸಮಯ, ಜಾರ್ಜಿಯಾ 23-20 ಮುಂದೆ. ಜಾರ್ಜಿಯಾ ಡಿಫೆನ್ಸ್ ಹಿಂದಿನ ಆಟದಲ್ಲಷ್ಟೇ ಅಲಬಾಮಾ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿ 16 ಗಜ ಹಿಂದಕ್ಕೆ ತಳ್ಳಿತ್ತು. ಎರಡನೇ ಅವಕಾಶ, 26 ಗಜ ಬೇಕು. ಆ ರಾತ್ರಿ ಅರ್ಧ ಪಂದ್ಯ ಮುಗಿದ ಮೇಲೆ ಒಳಗೆ ಬಂದಿದ್ದ ಟುವಾ ಟಾಗೊವೈಲೋವಾ ಮೊದಲು ಬೇರೆ ಕಡೆ ನೋಡಿದ. ಹಿಂದೆ ಕಾವಲಿದ್ದ ಸೇಫ್ಟಿ ಆ ಕಣ್ಣನ್ನು ನಂಬಿ ಒಂದು ಕ್ಷಣ ಮಧ್ಯದಲ್ಲೇ ನಿಂತ. ಅಷ್ಟರಲ್ಲಿ ಎಡಗಡೆ ಡೆವಾಂಟಾ ಸ್ಮಿತ್ ಒಬ್ಬನೇ ಓಡ್ತಿದ್ದ. 41 ಗಜ, ಟಚ್‌ಡೌನ್, ಪಂದ್ಯ ಮುಗೀತು. ಸೇಫ್ಟಿ ಇನ್ನೆಷ್ಟು ವೇಗ ಇದ್ದಿದ್ದರೆ ತಲುಪುತ್ತಿದ್ದ ಅನ್ನೋದು ಪ್ರಶ್ನೆಯೇ ಅಲ್ಲ. ಅವನ ಕಣ್ಣನ್ನು ಯಾರು ಕಟ್ಟಿಹಾಕಿದರು ಅನ್ನೋದು ಪ್ರಶ್ನೆ. ಅಲ್ಲಿ ಗೆದ್ದದ್ದು ಒಬ್ಬ ಹತ್ತೊಂಬತ್ತರ ಹುಡುಗನ ಬುದ್ಧಿ.

ಬುದ್ಧಿ ಅಂದೆನಲ್ಲ, ನನ್ನ ನಿಜವಾದ ಸಿಟ್ಟು ಇಲ್ಲಿದೆ. ವೇಗ ಅನ್ನೋದು ಮೈಯ ಗುಣ, ಹುಟ್ಟಿನಿಂದ ಬಂದದ್ದು ಅಂತ ನಾವು ಮಾತಾಡ್ತೀವಿ. ಕಾಮೆಂಟರಿಯಲ್ಲಿ ಕಪ್ಪು ಆಟಗಾರನಿಗೆ ‘ಸಹಜ ಅಥ್ಲೀಟ್’ ಅನ್ನೋ ಹೊಗಳಿಕೆ, ಬಿಳಿಯನಿಗೆ ‘ಚುರುಕು ತಲೆ, ಶ್ರಮಜೀವಿ’ ಅನ್ನೋ ಹೊಗಳಿಕೆ. ಈ ಅಭ್ಯಾಸದ ಬಗ್ಗೆ ಅಮೆರಿಕದಲ್ಲೇ ದಶಕಗಳಿಂದ ಜಗಳ ನಡೀತಿದೆ. ಎರಡೂ ಹೊಗಳಿಕೆಯೇ. ಆದರೆ ಒಂದು ಹೊಗಳಿಕೆ ಆಟಗಾರನಿಂದ ಏನನ್ನೋ ಕಿತ್ಕೊಳ್ಳುತ್ತೆ. ವಾರವಿಡೀ ಕತ್ತಲೆ ಕೋಣೆಯಲ್ಲಿ ಕೂತು ಎದುರಾಳಿಯ ವಿಡಿಯೋ ನೋಡಿ ಕಲಿತದ್ದನ್ನೆಲ್ಲ ‘ಅವನಿಗೆ ಸ್ಪೀಡ್ ಇದೆ ಬಿಡಿ’ ಅನ್ನೋ ಒಂದು ಮಾತು ಅಳಿಸಿ ಹಾಕುತ್ತೆ.

ಇದಕ್ಕೆ ಬೆಲೆ ತೆರಬೇಕಾಗಿ ಬಂದದ್ದು ಲಮಾರ್ ಜಾಕ್ಸನ್‌ಗೆ. ಲೂಯಿವಿಲ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, 2016ರ ಹೈಸ್ಮನ್ ವಿಜೇತ. 2018ರಲ್ಲಿ ಎನ್‌ಎಫ್‌ಎಲ್ ಬಾಗಿಲಲ್ಲಿ ನಿಂತಾಗ ಬಿಲ್ ಪೋಲಿಯನ್ ಅನ್ನೋ ಹಿರಿಯ ತಜ್ಞ, ಮಾಜಿ ಜನರಲ್ ಮ್ಯಾನೇಜರ್, ಈ ಹುಡುಗ ಕ್ವಾರ್ಟರ್‌ಬ್ಯಾಕ್ ಬಿಟ್ಟು ಎಸೆತ ಹಿಡಿಯುವ ರಿಸೀವರ್ ಆಗಲಿ ಎಂದರು. ವೇಗ ಇದೆಯಲ್ಲ, ಓಡಲಿ, ಯೋಚಿಸುವ ಕೆಲಸ ಬೇರೆಯವರು ಮಾಡ್ತಾರೆ. ಜಾಕ್ಸನ್ ಏನು ಮಾಡಿದ? ತಾನು ಕ್ವಾರ್ಟರ್‌ಬ್ಯಾಕ್ ಮಾತ್ರ ಎಂದ. ಕಂಬೈನ್‌ನಲ್ಲಿ 40 ಗಜ ಓಡಲೇ ಇಲ್ಲ. ತಾನು ಚೆನ್ನಾಗಿ ಮಾಡಬಲ್ಲ ಕೆಲಸವನ್ನು ಬೇಕಂತಲೇ ಮಾಡದೆ ನಿಲ್ಲಬೇಕಾದ ಇಪ್ಪತ್ತೊಂದರ ಹುಡುಗನ ಸ್ಥಿತಿ ಯೋಚಿಸಿ. 31 ಆಟಗಾರರನ್ನು ಆರಿಸಿದ ಮೇಲೆ 32ನೆಯವನಾಗಿ ಬಾಲ್ಟಿಮೋರ್ ಅವನನ್ನು ತಗೊಂಡಿತು. 2019ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವನಿಗೆ, ಒಂದು ಮತವೂ ಬೇರೆಯವರಿಗೆ ಹೋಗದೆ. 2023ರಲ್ಲಿ ಮತ್ತೊಮ್ಮೆ. ಪೋಲಿಯನ್ ತಮ್ಮ ಮಾತು ತಪ್ಪು ಎಂದು ಆಮೇಲೆ ಒಪ್ಪಿಕೊಂಡರು, ಅದು ಅವರ ದೊಡ್ಡತನ. ಆದರೆ ಅಷ್ಟು ಹಟ ಹಿಡಿಯೋ ಧೈರ್ಯ ಇಲ್ಲದೆ, ಹೇಳಿದ ಜಾಗಕ್ಕೆ ಹೋಗಿ ನಿಂತ ಹುಡುಗರನ್ನು ಲೆಕ್ಕ ಇಟ್ಟವರು ಯಾರು?

ಇದು ಬರೀ ಗೆದ್ದವರ ಕಥೆಯಲ್ಲ. ಡಿಫೆನ್ಸ್‌ನಲ್ಲಿ ಒಂದು ಹೆಜ್ಜೆ ತಪ್ಪಿದ ಹುಡುಗನನ್ನು ಕೋಟ್ಯಂತರ ಜನರ ಮುಂದೆ ‘ಸುಟ್ಟುಹೋದ’ ಅಂತ ಹೇಳಿ ಹತ್ತು ಕೋನದಿಂದ ರಿಪ್ಲೇ ತೋರಿಸ್ತಾರೆ. 2021ರ ಜುಲೈವರೆಗೆ ಇವರಿಗೆ ತಮ್ಮ ಹೆಸರು, ಮುಖದಿಂದ ಒಂದು ಜಾಹೀರಾತಿನ ದುಡ್ಡು ತಗೊಳ್ಳೋಕೂ ನಿಯಮ ಬಿಡುತ್ತಿರಲಿಲ್ಲ. ಅವಮಾನಕ್ಕೆ ಮಾತ್ರ ಯಾವ ನಿಯಮವೂ ಅಡ್ಡಿ ಬರಲಿಲ್ಲ. ಅವನನ್ನು ಆ ಜಾಗದಲ್ಲಿ ಯಾರು ನಿಲ್ಲಿಸಿದರು, ಜೊತೆಗಾರ ಎಲ್ಲಿದ್ದ, ಎಷ್ಟು ಹೊತ್ತಿನಿಂದ ಬಿಡುವಿಲ್ಲದೆ ಆಡ್ತಿದ್ದ, ಇದ್ಯಾವುದನ್ನೂ ಕೇಳದೆ ಕಾಲಿನ ಮೇಲೆ ತಪ್ಪು ಹಾಕೋದು ವಿಮರ್ಶೆಯಲ್ಲ.

ಯಾರಾದರೂ ಇನ್ನು ‘ಟೀಮ್ ಸ್ಪೀಡ್’ ಎಂದರೆ ಯಾರ ವೇಗ, ಯಾವ ಹೆಜ್ಜೆಯಲ್ಲಿ, ಯಾವ ದಿಕ್ಕಿಗೆ ಅಂತ ಕೇಳಿ. ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ನಡುವೆ ನಿಂತ ಲೈನ್‌ಬ್ಯಾಕರ್ ಒಬ್ಬನನ್ನೇ ನಾಲ್ಕು ಆಟ ನೋಡಿ. ಮೊದಲ ಹೆಜ್ಜೆ ಮುಂದೆ ಇಡ್ತಾನಾ, ಪಕ್ಕಕ್ಕಾ, ಅಥವಾ ಅರ್ಧ ಕ್ಷಣ ಕಾದು ಆಮೇಲೆ ಇಡ್ತಾನಾ. ಐದನೇ ಆಟಕ್ಕೆ ಆ ಡಿಫೆನ್ಸ್ ಎಲ್ಲಿ ಒಡೆಯುತ್ತೆ ಅಂತ ಕಾಮೆಂಟರಿಯವರಿಗಿಂತ ಮುಂಚೆ ನಿಮಗೇ ಗೊತ್ತಾಗಿರುತ್ತೆ.